ಇಪ್ಪತ್ತು ಚೌಕದ ಹಾಳೆ

1

ಈ ಕಥೆಯನ್ನು ಯಾವ ಮುಖದಿಂದ ಶುರು ಮಾಡಲಿ? ತಳದಿಂದ ಶುರು ಮಾಡಿದರೆ ಅಪ್ಪ ಮೊದಲು ಬರುತ್ತಾನೆ, ನೆತ್ತಿಯಿಂದಾದರೆ ಅಮ್ಮ. ನಡುವೆ ಮಗಳಿದ್ದಾಳೆ, ಬೆರಳಿಗೆಲ್ಲ ಅಂಟು ಮೆತ್ತಿಕೊಂಡ ಡಬ್ಬಿ ಕೆಲಸದವಳು. "ಮೊದಲು ಹಾಳೆ ತೋರಿಸಿ, ನಮ್ಮನ್ನ ಆಮೇಲೆ ತೋರಿಸಿದ್ರಾಯ್ತು," ಎಂದು ಅವಳೇ ಹೇಳಿದಳು. (ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ, ತಲೆ ಮೇಲೆ ಕೂರುತ್ತವೆ.)

ಹಾಳೆ ಐವತ್ತು ಸೆಂಟಿಮೀಟರ್ ಉದ್ದ, ನಲವತ್ತು ಅಗಲ. ರಟ್ಟಿನ ಡಬ್ಬಿಯ ಮೈಗೆ ಹಚ್ಚಲೆಂದು, ಗಂಜಿಯಲ್ಲಿ ನೀಲಿ ಬಣ್ಣ ಕಲಸಿ, ಬಾಚಣಿಗೆಯಿಂದ ಅಲೆ ಎಳೆದು ಅಪ್ಪ ಮಾಡಿದ ಕಾಗದ. ಅವನ ಕೈ ಈಗ ನಡುಗುತ್ತದೆ, ಹಾಗಾಗಿ ಇದೇ ಕೊನೆಯದು. ಮಧ್ಯಾಹ್ನದ ಬಿಸಿಲು ಬಿದ್ದಾಗ ಆ ಅಲೆಗಳು ಮೇಜಿನಿಂದ ಇಳಿದು, ನೆಲದ ಮೇಲೆ ಹರಿದು, ಬಾಗಿಲವರೆಗೂ ಹೋಗಿ ಬರುತ್ತವೆ. ಅಪ್ಪ ಕಾಲು ಮೇಲೆತ್ತಿ ಕೂರುತ್ತಾನೆ.

2

(ಇಲ್ಲೊಂದು ಮಳೆ ಇತ್ತು. ಹೊಡೆದುಹಾಕಿದ್ದೇನೆ. ಕಾಗದದ ಅಂಗಡಿಯಲ್ಲಿ ಮಳೆಗೇನು ಕೆಲಸ?)

ಡಬ್ಬಿ ಬೇಕಾಗಿರುವುದು ಅಮ್ಮನಿಗೆ. ಹನ್ನೊಂದು ವರ್ಷದ ಹಿಂದೆ ಅಪ್ಪನನ್ನೂ ಅಂಗಡಿಯನ್ನೂ ಬಿಟ್ಟು ಹೋದವಳು, ನಾಲ್ಕು ಬೀದಿ ಆಚೆ ಒಬ್ಬಳೇ ಇದ್ದಾಳೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಗಳಿಗೆ ಫೋನ್ ಮಾಡಿದ್ದಳು: "ಕಾಗದಪತ್ರ ಇಡೋಕೆ ಒಂದು ದೊಡ್ಡದು. ಅದರ ಮೇಲೆ ಒಂದು ಮೂಲೇಲಿ ಗುಂಡಿ, ದಾರ ಇಡೋಕೆ ಚಿಕ್ಕದು. ಎರಡೂ ಅಂಟಿರ್ಬೇಕು. ನೀಲಿ ಇದ್ರೆ ನೀಲಿ."

ಡಬ್ಬಿ ಯಾರೋ ಗಿರಾಕಿಗೆ ಎಂದಷ್ಟೇ ಮಗಳು ಅಪ್ಪನಿಗೆ ಹೇಳಿದ್ದಾಳೆ. ಅಪ್ಪನ ಕೈಯದೊಂದು ವಸ್ತು ಅಮ್ಮನ ಮನೆ ಸೇರಬೇಕು. ಹಾಳೆ ಕೆಟ್ಟರೆ ಇನ್ನೆಂದೂ ಸೇರಲಾರದು. ಅವಳ ಆಸೆ ಇಷ್ಟೇ, ಭಯವೂ ಇಷ್ಟೇ.

2 (ಮತ್ತೆ, ಏಕೆಂದರೆ ಲೆಕ್ಕ ತಪ್ಪಿತು)

ದೊಡ್ಡದರ ಉದ್ದ ಇಪ್ಪತ್ತು, ಅಗಲ ಇಪ್ಪತ್ತು, ಎತ್ತರ ಹತ್ತು. ಚಿಕ್ಕದು ಎಲ್ಲ ಕಡೆಯೂ ಹತ್ತು. ಮಗಳು ಬೇರೆಬೇರೆಯಾಗಿ ಲೆಕ್ಕ ಹಾಕಿದಳು: ಒಂದಕ್ಕೆ ಸಾವಿರದ ಆರುನೂರು ಚದರ ಸೆಂಟಿಮೀಟರ್, ಇನ್ನೊಂದಕ್ಕೆ ಆರುನೂರು. ಒಟ್ಟು ಎರಡು ಸಾವಿರದ ಇನ್ನೂರು. ಹಾಳೆಯಲ್ಲಿರುವುದು ಎರಡೇ ಸಾವಿರ. ಅವಳ ಮುಖ ಸಣ್ಣದಾಯಿತು.

"ಇನ್ನೊಂಚೂರು ದೊಡ್ಡ ಹಾಳೆ ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ನನ್ನನ್ನೇ ದಬಾಯಿಸಿದಳು.

"ಬಿಡಿಸಿ ನೋಡು," ಎಂದೆ. (ಶಾಲೆಯಲ್ಲಿ ಗಣಿತ ಪಾಸಾದದ್ದು ಹೇಗೆಂದು ನನ್ನನ್ನು ಕೇಳಬೇಡಿ.) "ಕಟ್ಟಿದ ಡಬ್ಬೀನ ಕಣ್ಣಲ್ಲೇ ಬಿಚ್ಚು. ಹೊರಗಡೆ ಕಾಣೋ ಗೋಡೆಗಳನ್ನೆಲ್ಲ ನೆಲಕ್ಕೆ ಮಲಗಿಸು."

ಅವಳು ಕಣ್ಣು ಮುಚ್ಚಿದಳು. ಡಬ್ಬಿ ಮೆಲ್ಲಗೆ ಅರಳಿತು. ಹತ್ತು ಸೆಂಟಿಮೀಟರಿನ ಚೌಕಗಳು ತಳಕ್ಕೆ ನಾಲ್ಕು, ದೊಡ್ಡದರ ಪಕ್ಕಗಳಿಗೆ ಎಂಟು. ಅದರ ನೆತ್ತಿಯ ಒಂದು ಮೂಲೆ ಚಿಕ್ಕದರ ಅಡಿಗೆ ಹೋಗಿ ಮೂರೇ ಉಳಿದವು. ಚಿಕ್ಕದರ ಪಕ್ಕಗಳಿಗೆ ನಾಲ್ಕು, ಮುಚ್ಚಳಕ್ಕೆ ಒಂದು. ಇಪ್ಪತ್ತು ಚೌಕ, ಎರಡು ಸಾವಿರ ಚದರ ಸೆಂಟಿಮೀಟರ್. ಹಾಳೆಯೂ ಸರಿಯಾಗಿ ಅಷ್ಟೇ.

"ಅಂಚು ಮಡಚೋಕೆ ಉಳಿಯಲ್ಲ," ಎಂದಳು ಕಣ್ಣು ಬಿಟ್ಟು. "ಕಪ್ಪು ಬಟ್ಟೆ ಪಟ್ಟಿ ಹಾಕ್ತೀನಿ ಬಿಡಿ, ಅದೆಲ್ಲ ನಿಮಗೆ ತಿಳಿಯಲ್ಲ."

3

ಇಲ್ಲಿಗೇ ಮುಗಿಸಬಹುದಿತ್ತು. ಅಪ್ಪ ಬಾಯಿ ಹಾಕಿದ.

"ಒಳಮುಖಕ್ಕೆ ಎಲ್ಲಿ?"

ನಲವತ್ತು ವರ್ಷದಿಂದ ಅಪ್ಪನದು ಒಂದೇ ಪಟ್ಟು. ಎರಡು ಡಬ್ಬಿ ಒಂದಕ್ಕೊಂದು ಅಂಟುವ ಕಡೆಯೂ, ಯಾರಿಗೂ ಕಾಣದಿದ್ದರೂ, ಎರಡೂ ಮೈಗೆ ಕಾಗದ ಹಚ್ಚಲೇಬೇಕು. ಅಂದರೆ ಇನ್ನೂ ಎರಡು ಚೌಕ. ಮಗಳ ತಪ್ಪು ಲೆಕ್ಕವೇ ಅಪ್ಪನಿಗೆ ಸರಿಯಾದ ಲೆಕ್ಕ.

"ಅದು ಹೊರಗೇ ಇಲ್ವಲ್ಲಪ್ಪ. ಯಾರು ನೋಡ್ತಾರೆ?"

"ಯಾವ ಅಂಟಾದ್ರೂ ಒಂದಿನ ಬಿಟ್ಕೊಳ್ಳುತ್ತೆ. ಆವತ್ತು ಒಳಗೆ ಬೋಳು ರಟ್ಟು ಕಾಣಬಾರ್ದು, ಪುಟ್ಟಿ."

ತಳದಿಂದ ಎರಡು ಚೌಕ ತೆಗೆದು ಒಳಗೆ ಹಚ್ಚಿ ಎಂದು ನಾನು ಮಧ್ಯಸ್ಥಿಕೆಗೆ ಹೋದೆ. ತಳವನ್ನು ಯಾರು ನೋಡುತ್ತಾರೆ?

"ಅಮ್ಮ ನೋಡ್ತಾಳೆ! ಯಾವ ಡಬ್ಬಿ ಕೈಗೆ ಬಂದ್ರೂ ಮೊದಲು ತಿರುಗಿಸಿ ತಳಾನೇ..." ಮಗಳು ನಾಲಿಗೆ ಕಚ್ಚಿಕೊಂಡಳು.

ನೆಲದ ಮೇಲಿನ ಅಲೆಗಳು ಇದ್ದಲ್ಲೇ ನಿಂತವು. ಅಪ್ಪ ನಿಧಾನವಾಗಿ ಕಾಲು ಕೆಳಗಿಟ್ಟ.

"ಗೊತ್ತು ನನಗೆ," ಎಂದ. "ಗುಂಡಿ ಒಂದ್ಕಡೆ, ಕಾಗದಪತ್ರ ಒಂದ್ಕಡೆ. ಇಂಥ ಡಬ್ಬಿ ಕೇಳೋಳು ಇನ್ಯಾರು? ತಳ ನೋಡಿ ಸುಮ್ನಾಗೋಳಲ್ಲ ಅವಳು. ಉಗುರು ಹಾಕಿ ಜೋಡಣೆ ಬಿಚ್ತಾಳೆ. ಇಲ್ಲಿ ಅಷ್ಟು ವರ್ಷ ಅಂಟು ಹಚ್ಚಿದೋಳು ಅವಳೇ ಅಲ್ವಾ."

4

ಮೂರು ಮುಕ್ತಾಯ ಬರೆದಿಟ್ಟಿದ್ದೆ. ಒಂದರಲ್ಲಿ ಅಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ (ಸಿನಿಮಾ). ಇನ್ನೊಂದರಲ್ಲಿ ಅಪ್ಪನ ಕೈ ಸರಿಹೋಗಿ ಹೊಸ ಹಾಳೆ ಮಾಡುತ್ತಾನೆ (ಸುಳ್ಳು). ಮೂರನೆಯದು ಅಡ್ಡಗೋಡೆ ಮೇಲಿಟ್ಟ ದೀಪ. ಅಪ್ಪನಿಗೆ ಒಂದೂ ಹಿಡಿಸಲಿಲ್ಲ.

"ಪೆನ್ಸಿಲ್ ಕೊಡು," ಎಂದ ಮಗಳಿಗೆ. "ಒಳಮುಖಕ್ಕೆ ಕಾಗದ ಬೇಡ. ಬೋಳಾಗೇ ಇರ್ಲಿ."

ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ದೊಡ್ಡ ಡಬ್ಬಿಯ ನೆತ್ತಿಯ ಆ ಬೋಳು ಮೂಲೆಯಲ್ಲಿ ಬರೆಯತೊಡಗಿದ. ಬಹಳ ಹೊತ್ತು ಬರೆದ. ಬಿಸಿಲು ಮೇಜು ಬಿಟ್ಟು ಗೋಡೆ ಹತ್ತಿತು. ಓದೋಣವೆಂದು ನಾನು ಬಗ್ಗಿದೆ. ಮಗಳು ಚಿಕ್ಕ ಡಬ್ಬಿಯನ್ನು ಅಡ್ಡ ಹಿಡಿದಳು.

"ಇಲ್ಲೂ ಮೂಗು ತೂರಿಸ್ಬೇಕಾ? ಹೊರಗಿನ ಲೆಕ್ಕ ಹೇಳಿದ್ರಲ್ಲ, ಸಾಕು."

ಅಂಚಿಗೆ ಮಾತ್ರ, ಉಗುರು ಹಾಕಿದರೆ ಬಿಡುವಷ್ಟು ಅಂಟು ಹಚ್ಚಿ, ಚಿಕ್ಕದನ್ನು ಅದರ ಮೇಲಿಟ್ಟು ಒತ್ತಿಬಿಟ್ಟಳು.

ಅಮ್ಮ ಅದನ್ನು ಬಿಚ್ಚಿದಳೇ, ಬಿಚ್ಚದೆ ಗುಂಡಿ ತುಂಬಿಸಿಟ್ಟುಕೊಂಡಳೇ? ಓದುಗರೇ, ನನ್ನನ್ನು ಕೇಳಬೇಡಿ. ಆ ಡಬ್ಬಿಯ ಮೇಲ್ಮೈ ವಿಸ್ತೀರ್ಣ ಎರಡು ಸಾವಿರ ಚದರ ಸೆಂಟಿಮೀಟರ್, ನನ್ನ ಹೊಣೆ ಅಷ್ಟಕ್ಕೇ. ಒಳಗಿನ ಇನ್ನೂರರಲ್ಲಿ ನೂರರ ತುಂಬ ಅಪ್ಪ ಬರೆದಿದ್ದಾನೆ. ಅದಕ್ಕೆ ಮುಖ ಕೊಟ್ಟು ಕೂತಿರುವ ಇನ್ನೊಂದು ನೂರು ಖಾಲಿ ಇದೆ, ಅಮ್ಮನ ಕೈಬರಹಕ್ಕೆ ಸಾಕಾಗುವಷ್ಟು.