ಐವತ್ತಾರು ಪೌಂಡು

ಅಪ್ಪನ ಕಣ್ಣು ಮಂಜಾದ ಮೇಲೆ ರಾಕೆಟ್ಟಿಗೆ ತಂತಿ ಬಿಗಿಯುವ ಕೆಲಸ ನನ್ನ ಪಾಲಿಗೆ ಬಂತು. ಟೆನ್ನಿಸ್ ಕ್ಲಬ್ಬಿನ ಮೆಟ್ಟಿಲುಗಳ ಕೆಳಗೆ ನಮ್ಮದೊಂದು ಕೋಣೆ. ಒಳಗೆ ಯಂತ್ರದ ಮುಂದೆ ನಾನು, ಹೊರಗೆ ಮೇಜಿನ ಮುಂದೆ ಅಪ್ಪ, ನಡುವೆ ಒಂದು ಪರದೆ. ಬಂದವರನ್ನು ಕೂರಿಸಿಕೊಂಡು ಅರ್ಧ ಗಂಟೆ ಹರಟುತ್ತಾನೆ. ಮಂಜಾದದ್ದು ಕಣ್ಣು ಮಾತ್ರ, ಬಾಯಿಗೆ ಏನೂ ಆಗಿಲ್ಲ.

ಹದಿನಾಲ್ಕು ವರ್ಷ ನಾನು ಟೆನ್ನಿಸ್ ಆಡಿಯೇ ಹೊಟ್ಟೆ ಹೊರೆದವಳು. ಎಡಗೈ ಆಟ. ಕ್ಲಬ್ಬಿನ ಹಳಬರು ಈಗಲೂ ನನ್ನನ್ನು ‘ಎಡಚಿ’ ಎಂದೇ ಕರೆಯುತ್ತಾರೆ. ಜಗತ್ತಿನಲ್ಲಿ ನಾನು ಮುಟ್ಟಿದ ಅತಿ ಮೇಲಿನ ಸ್ಥಾನ ನೂರಾ ನಲವತ್ತೊಂದು. ಅದೇನು ಮಹಾ ಅನ್ನುವವರು ಒಮ್ಮೆ ಆಡಿ ನೋಡಲಿ. ನನ್ನಂಥವರಿಗೆ ದೊಡ್ಡ ಪಂದ್ಯಾವಳಿಗೆ ನೇರ ಪ್ರವೇಶವಿರುವುದಿಲ್ಲ, ಮೊದಲು ಮೂರು ಅರ್ಹತಾ ಪಂದ್ಯ ಗೆಲ್ಲಬೇಕು. ಹನ್ನೊಂದು ವರ್ಷದ ಹಿಂದೆ ಎರಡನ್ನು ಗೆದ್ದೆ. ಮೂರನೆಯದರಲ್ಲಿ ಇನ್ನೊಂದೇ ಪಾಯಿಂಟ್ ಬೇಕಿತ್ತು, ಸರ್ವ್ ನನ್ನದೇ. ಎರಡು ಸಲ ಆ ಪಾಯಿಂಟಿಗೆ ಬಂದು ಎರಡು ಸಲವೂ ಎರಡೆರಡು ಸರ್ವ್ ಹೊರಗೆ ಹೊಡೆದು ಡಬಲ್ ಫಾಲ್ಟ್ ಮಾಡಿದೆ. ನಾಲ್ಕು ಚೆಂಡುಗಳೂ ಗೆರೆಯಿಂದ ನಾಲ್ಕು ಬೆರಳು ಆಚೆ ಬಿದ್ದವು. ಪಂದ್ಯ ಕೈತಪ್ಪಿತು. ‘ಕೈ ನಡುಗಿತು’ ಎಂದು ಮರುದಿನದ ಪತ್ರಿಕೆ ಬರೆಯಿತು. ನಾನೂ ಅದನ್ನೇ ನಂಬಿದೆ. ಎದೆಗಾರಿಕೆ ಇಲ್ಲದವಳು ಎಂದು ನನಗೆ ನಾನೇ ಹಣೆಪಟ್ಟಿ ಕಟ್ಟಿಕೊಂಡು ಆರು ತಿಂಗಳಲ್ಲಿ ಆಟ ಬಿಟ್ಟೆ.

ಮೊನ್ನೆ ಮಧ್ಯಾಹ್ನ ಒಬ್ಬ ಹೆಂಗಸು ಮಗಳ ಎರಡು ರಾಕೆಟ್ ತಂದಳು. ನಾನು ಪರದೆಯ ಹಿಂದೆ ಹಳೆಯ ತಂತಿ ಕತ್ತರಿಸುತ್ತಿದ್ದೆ.

“ಐವತ್ತೈದು ಪೌಂಡು ಬಿಗಿ ಇರ್ಲಿ ಅಂತಾಳೆ. ಭುಜ ನೋವು ಅಂತ ರಾತ್ರಿ ನಿದ್ದೆ ಇಲ್ಲ, ಆದ್ರೂ ಹಟ ಬಿಡಲ್ಲ” ಎಂದಳು ಆ ತಾಯಿ.

ಅಪ್ಪ ದನಿ ತಗ್ಗಿಸಿದ. “ಒಂದು ಕೆಲಸ ಮಾಡಮ್ಮ. ತಿಂಗಳಿಗೊಂದು ಪೌಂಡು ಇಳಿಸ್ತಾ ಹೋಗೋಣ. ರಾಕೆಟ್ಟಿನ ಚೀಟಿ ಮೇಲೆ ಐವತ್ತೈದು ಅಂತಾನೇ ಬರೆಯೋಣ. ಅವಳಿಗೆ ಗೊತ್ತಾಗಲ್ಲ. ನನ್ನ ಮಗಳಿಗೇ ಗೊತ್ತಾಗಲಿಲ್ಲ.”

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ತಂತಿ ಸಡಿಲವಾದರೆ ಭುಜಕ್ಕೆ ಬೀಳುವ ಏಟು ಕಡಿಮೆ. ಆದರೆ ಚೆಂಡು ಅಂದಾಜಿಗಿಂತ ದೂರ ಹಾರುತ್ತದೆ. ನಾಲ್ಕು ಬೆರಳು ಆಚೆ.

ಪರದೆ ಸರಿಸಿ ಹೊರಗೆ ಬಂದೆ. ಆ ತಾಯಿಗೆ, “ನಾಳೆ ಮಗಳನ್ನೇ ಕರ್ಕೊಂಡು ಬನ್ನಿ. ಭುಜ ಅವಳದ್ದು, ಅವಳೇ ಹೇಳ್ಲಿ” ಎಂದೆ. ಅವಳು ನಮ್ಮಿಬ್ಬರ ಮುಖ ನೋಡಿ, ರಾಕೆಟ್ ಎತ್ತಿಕೊಂಡು ಹೊರಟಳು.

“ಎಷ್ಟು ಇಳಿಸಿದ್ದೆ?” ಎಂದು ಅಪ್ಪನನ್ನು ಕೇಳಿದೆ.

ಅಪ್ಪ ಮೇಜಿನ ಮೇಲಿನ ಚೀಟಿಗಳನ್ನು ತಡವುತ್ತಾ ಕೂತ. “ಎಂಟು ತಿಂಗಳಲ್ಲಿ ಎಂಟು ಪೌಂಡು. ನಲವತ್ತೆಂಟಕ್ಕೆ ಬಂದಿತ್ತು.”

ನಾನು ಮೂರ್ಖಳಲ್ಲ. ಪ್ರತಿ ಪಂದ್ಯಕ್ಕೂ ಮೊದಲು ನನ್ನ ಆರು ರಾಕೆಟ್ಟುಗಳನ್ನು ಒಂದಕ್ಕೊಂದು ತಟ್ಟಿ ನಾದ ಕೇಳುತ್ತಿದ್ದೆ. ಆರೂ ಒಂದೇ ಸ್ವರ ಹೇಳುತ್ತಿದ್ದವು. ಆರನ್ನೂ ಅವನು ಒಟ್ಟಿಗೇ ಇಳಿಸಿದ್ದ. ಚೆಂಡು ಹಾರುತ್ತಿದೆ ಅಪ್ಪ ಎಂದರೆ, ಮನಸ್ಸು ಗಟ್ಟಿ ಮಾಡ್ಕೋ ಎನ್ನುತ್ತಿದ್ದ. ಆ ಮಾತು ನೆನಪಾಗಿ ಮೈ ಉರಿದುಹೋಯಿತು.

“ನನಗೆ ಒಂದು ಮಾತು ಹೇಳ್ಬೇಕಿತ್ತು.”

“ಆಟ ಬಿಡು ಅಂತ ಹೇಳ್ದೆ. ಡಾಕ್ಟ್ರೂ ಹೇಳಿದ್ರು, ಇನ್ನೊಂದು ವರ್ಷ ಆಡಿದ್ರೆ ಕೈ ಮೇಲೆ ಏಳಲ್ಲ ಅಂತ. ನೀನು ಭುಜಕ್ಕೆ ಇಂಜೆಕ್ಷನ್ ಚುಚ್ಚಿಸ್ಕೊಂಡು ಹೋಗಿ ಆಡ್ದೆ.”

“ಸೋತ ಮೇಲಾದ್ರೂ ಹೇಳ್ಬಹುದಿತ್ತಲ್ಲ. ಹನ್ನೊಂದು ವರ್ಷ ನಾನು ಹೇಡಿ ಅಂದ್ಕೊಂಡು ಬದುಕಿದೀನಪ್ಪ.”

“ಮೊದಲು ಧೈರ್ಯ ಬರಲಿಲ್ಲ. ಆಮೇಲೆ ನೀನು ಆ ಮಾತು ಎತ್ತೋದೇ ಬಿಟ್ಟೆ. ಮರೆತಿದೀಯ ಅಂದ್ಕೊಂಡೆ.”

ಮರೆಯುವುದಂತೆ! ಪರದೆ ಸರಿಸಿ ಒಳಗೆ ಹೋದೆ. ಆ ಪಂದ್ಯದ ರಾಕೆಟ್ ಮೇಲಿನ ಮೊಳೆಯಲ್ಲಿ ತೂಗುತ್ತಿತ್ತು. ಇಳಿಸಿ, ಧೂಳು ಒರೆಸಿ, ಸತ್ತ ತಂತಿಯನ್ನೆಲ್ಲ ಕಿತ್ತೆ. ಯಂತ್ರದ ಮುಳ್ಳನ್ನು ನನ್ನ ಹಳೆಯ ಐವತ್ತಾರಕ್ಕೆ ತಿರುಗಿಸಿ, ಹೊಸ ತಂತಿಯ ಒಂದೊಂದು ಎಳೆಯನ್ನೂ ಬಿಗಿದೆ. ಹೊರಗೆ ಅಪ್ಪ ಯಂತ್ರದ ಕಿರ್ ಕಿರ್ ಸದ್ದನ್ನು ಎಣಿಸುತ್ತಿದ್ದನೇನೋ.

ನಾಲ್ಕನೇ ಅಂಕಣ ಖಾಲಿಯಿತ್ತು. ಬುಟ್ಟಿ ಚೆಂಡು ತಂದಿಟ್ಟುಕೊಂಡು, ಅವತ್ತು ನಿಂತಂಥದೇ ಮೂಲೆಯಲ್ಲಿ ನಿಂತೆ. ಎದುರಿಗೆ ಯಾರೂ ಇರಲಿಲ್ಲ, ಗೆಲ್ಲಬೇಕಾದ ಪಾಯಿಂಟೂ ಇರಲಿಲ್ಲ, ನಿಜ. ಆದರೂ ಮೊದಲ ಚೆಂಡು ಮೇಲೆ ಎಸೆದಾಗ ಬಾಯಿ ಒಣಗಿತು. ಹೊಡೆದೆ. ಗೆರೆಯ ಒಳಗೆ ಬಿತ್ತು. ಎರಡನೆಯದೂ ಒಳಗೆ. ಮೂರನೆಯದರಿಂದ ಭುಜದಲ್ಲಿ ಹಳೆಯ ನೋವು ತಲೆ ಎತ್ತಿತು. ಆರನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಹತ್ತನೆಯ ಚೆಂಡನ್ನು ಎಸೆದೆ, ಆದರೆ ಎಡಗೈ ಕಿವಿಯವರೆಗೂ ಬರಲಿಲ್ಲ. ಚೆಂಡು ಕಾಲ ಬಳಿ ಬಿದ್ದು ಉರುಳಿತು.

ರಾಕೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿ, ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕೋಣೆಗೆ ಬಂದೆ. ನನ್ನ ಹೆಜ್ಜೆಯ ಸದ್ದಿನಲ್ಲೇ ಅಪ್ಪನಿಗೆ ತಿಳಿಯಿತು. ಗೋಡೆ ಹಿಡಿದು ಹೋಗಿ ಐಸ್ ಚೀಲ ತಂದ.

“ಎಷ್ಟು ಹೊಡ್ದೆ?”

“ಒಂಬತ್ತು.”

“ಒಳಗೆ ಬಿದ್ವಾ?”

“ಒಂಬತ್ತೂ.”

ಅಪ್ಪ ಐಸ್ ಚೀಲವನ್ನು ನನ್ನ ಭುಜಕ್ಕೆ ಒತ್ತಿ ಹಿಡಿದು ಅತ್ತುಬಿಟ್ಟ. ನಾನು ಅವನ ಕೈ ತಳ್ಳಲಿಲ್ಲ. ಅದನ್ನು ಕ್ಷಮೆ ಎಂದು ಯಾರೂ ತಿಳಿಯುವುದು ಬೇಡ. ನೋಯುತ್ತಿತ್ತು, ಐಸ್ ಬೇಕಿತ್ತು.