ಕಟಿಂಗ್ ಮೇಜಿಗಾಗಿ ಒಡೆದ ಗೋಡೆ

ಗುಡ್ಡದ ಬೀದಿಯಲ್ಲಿ ಟೈಲರಕ್ಕನ ಮನೆ ಮಾರಾಟಕ್ಕಿತ್ತು. ಯಾಕಮ್ಮಾ ಇಷ್ಟು ಒಳ್ಳೆ ಮನೆ ಮಾರುತ್ತೀಯ ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: "ಮೆಟ್ಟಿಲು ಎಣಿಸಿಕೊಂಡು ಬನ್ನಿ, ಗೊತ್ತಾಗುತ್ತೆ." ರಸ್ತೆಯಿಂದ ಅವಳ ಬಾಗಿಲಿಗೆ ನಲವತ್ತೆರಡು ಮೆಟ್ಟಿಲು. ಅವಳ ಗಂಡ ಬಟ್ಟೆ ಕತ್ತರಿಸುವವನು, ಬೀದಿಗೆಲ್ಲ 'ಮಾಸ್ಟರು'. ಎರಡೂ ಮೊಣಕಾಲು ಸವೆದು, ಇಳಿದರೆ ಮತ್ತೆ ಹತ್ತಲಾರೆ ಎಂದು ಮೂರು ತಿಂಗಳಿಂದ ಮನೆ ಬಿಟ್ಟು ಕದಲಿರಲಿಲ್ಲ. ಕೆಳಗೆ ಪೇಟೆ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ವಾಸ ಇರುವ ಸಣ್ಣ ಮನೆಯೊಂದು ನೋಡಿಟ್ಟಿದ್ದರು. ಅದರ ಯಜಮಾನ ಎರಡು ತಿಂಗಳು ಕಾಯುತ್ತೇನೆ ಎಂದಿದ್ದ. ಅಷ್ಟರೊಳಗೆ ಈ ಮನೆ ಮಾರಾಟವಾಗದಿದ್ದರೆ ಆ ಮನೆ ಕೈತಪ್ಪಿದಂತೆಯೇ.

ಮನೆ ನೋಡಲು ಚೆನ್ನಾಗಿತ್ತು. ಆದರೆ ಒಂಬತ್ತು ವರ್ಷದ ಹಿಂದೆ ಅಲ್ಲೊಂದು ಕೆಲಸ ನಡೆದಿತ್ತು. ಮಾಸ್ಟರಿಗೆ ಎಂಟಡಿ ಉದ್ದದ ಕಟಿಂಗ್ ಮೇಜು ಬೇಕಾಯಿತು. ಹಾಲಿಗೂ ಪಕ್ಕದ ಕೋಣೆಗೂ ನಡುವೆ ಇದ್ದ ಗೋಡೆ ಅಡ್ಡ ಬಂತು. ಬೇರೆಯವರಾಗಿದ್ದರೆ ಚಿಕ್ಕ ಮೇಜು ಮಾಡಿಸುತ್ತಿದ್ದರು. ಇವರು ಟೈಲರುಗಳು, ಅಳತೆ ಕೂಡದಿದ್ದರೆ ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿಯುವುದೇ ಕಸುಬು. ಮಾಸ್ಟರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಗೋಡೆಗೂ ಗೆರೆ ಎಳೆದ. ಗಾರೆ ಕೆಲಸದವನು ಗೆರೆ ನೋಡಿಕೊಂಡು ಒಡೆದ. ಎರಡು ದಿನಕ್ಕೆ ಗೋಡೆ ಮಾಯ! ಅದೇ ಹುಮ್ಮಸ್ಸಿನಲ್ಲಿ ಮನೆಯ ಪಕ್ಕ ಬಿಟ್ಟಿದ್ದ ಖಾಲಿ ಜಾಗಕ್ಕೂ ಇಟ್ಟಿಗೆ ಕಟ್ಟಿ, ತಗಡು ಹೊದಿಸಿ, ಗಿರಾಕಿಗಳಿಗೆಂದು ಟ್ರಯಲ್ ರೂಮ್ ಮಾಡಿದರು. ಒಬ್ಬ ಎಂಜಿನಿಯರನ್ನು ಕೇಳಲಿಲ್ಲ. ಕಟ್ಟಡಗಳಿಗೆ ಅನುಮತಿ ಕೊಡುವ ಕಚೇರಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಒಂದು ದಿನ ಎದುರುಮನೆಯ ನಕ್ಷೆಯಕ್ಕ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಳು. ಮೂವತ್ತು ವರ್ಷ ಎಂಜಿನಿಯರೊಬ್ಬರ ಬಳಿ ಮನೆಗಳ ನಕ್ಷೆ ಬರೆದು ನಿವೃತ್ತಳಾದವಳು. ಅದಕ್ಕೇ ಆ ಹೆಸರು.

"ಮನೆ ಮಾರ್ತಿದ್ದೀಯಂತೆ. ತಗೊಳ್ಳೋರಿಗೆ ಗೋಡೆ ವಿಷಯ ಹೇಳ್ತೀಯಾ?" ಎಂದಳು.

"ಯಾವ ಗೋಡೆ ಅಕ್ಕ?"

"ಇಲ್ಲದೆ ಇರೋ ಗೋಡೆ ಕಣೇ!"

ಟೈಲರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಟೇಪನ್ನು ಕುತ್ತಿಗೆಯಿಂದ ಎಳೆದು ಮೇಜಿನ ಮೇಲೆ ಎಸೆದಳು. "ನಮ್ಮ ಮನೆ, ನಮ್ಮ ದುಡ್ಡು, ನಮ್ಮ ಗೋಡೆ. ಒಡೀತೀವಿ, ಕಟ್ತೀವಿ. ನನ್ನ ಮನೇಲಿ ನಾನು ಮೇಜು ಹಾಕ್ಕೊಳ್ಳೋಕೆ ಆಫೀಸಿನೋರ ಅಪ್ಪಣೆ ಯಾಕೆ ಬೇಕು?"

"ಗೋಡೆ ನಿಂದೇ, ಯಾರು ಇಲ್ಲ ಅಂದ್ರು? ಆದ್ರೆ ಅದು ಏನು ಹೊತ್ತಿತ್ತು ಅಂತ ನಿಂಗೊತ್ತಾ? ಕೆಲವು ಗೋಡೆ ಬರೀ ಮರೆಗೆ ಇರ್ತವೆ. ಕೆಲವು ತಾರಸಿನೇ ಹೊತ್ಕೊಂಡಿರ್ತವೆ. ಕಣ್ಣಲ್ಲಿ ನೋಡಿದ್ರೆ ಎರಡೂ ಒಂದೇ. ಬಲ್ಲೋರು ಪರೀಕ್ಷೆ ಮಾಡಿ ಹೇಳಬೇಕು. ಅನುಮತಿ ಅಂತ ಇಟ್ಟಿರೋದು ಅದಕ್ಕೇ."

"ಒಂಬತ್ತು ವರ್ಷ ಆಯ್ತು. ಬಿದ್ದಿಲ್ವಲ್ಲ!"

"ಒಂಬತ್ತು ವರ್ಷ ತಾರಸಿ ಮೇಲೆ ನೀನು ಏನೂ ಇಟ್ಟಿಲ್ವಲ್ಲ." ನಕ್ಷೆಯಕ್ಕ ಕತ್ತೆತ್ತಿ ಮೇಲೆ ನೋಡಿದಳು. ಗೋಡೆ ಇದ್ದ ಜಾಗದ ಮೇಲೆ, ತಾರಸಿಯ ಒಳಮೈಯಲ್ಲಿ, ದಾರದಷ್ಟು ತೆಳ್ಳಗೆ ಒಂದು ಬಿರುಕು ಈ ತುದಿಯಿಂದ ಆ ತುದಿಗೆ ಹೋಗಿತ್ತು. "ಇನ್ನೊಂದು ಕೇಳು. ತಗೊಳ್ಳೋರು ಸಾಲಕ್ಕೆ ಹೋದ್ರೆ ಬ್ಯಾಂಕಿನೋರು ನಕ್ಷೆ ಹಿಡ್ಕೊಂಡು ಬಂದು ತಾಳೆ ನೋಡಬಹುದು. ಅಲ್ಲಿ ತಪ್ಪಿಸ್ಕೊಂಡ್ರೂ ನಾಳೆ ನೋಟಿಸ್ ಬರೋದು ಮನೇಲಿ ಇರೋರಿಗೆ. ಪಾಪ, ಒಡೆದೋರು ನೀವು, ಅನುಭವಿಸೋರು ಅವರು. ಅವರು ಸುಮ್ನೆ ಇರ್ತಾರಾ? ನಿಮ್ಮನ್ನ ಕೋರ್ಟಿಗೆ ಎಳೀತಾರೆ."

"ಅಯ್ಯೋ, ಹೆದರಿಸಬೇಡಿ ಬಿಡಿ. ತೋಳು ಎಷ್ಟು ಗಿಡ್ಡ ಮಾಡ್ಲಿ, ಹೇಳಿ," ಎಂದು ಟೈಲರಕ್ಕ ಮಾತು ತಿರುಗಿಸಿದಳು. ನಕ್ಷೆಯಕ್ಕನ ಮಾತಿಗೆ ಎಳ್ಳಷ್ಟೂ ಸೊಪ್ಪು ಹಾಕಲಿಲ್ಲ.

ಮನೆ ಮಾರಿಸಿಕೊಡಲು ಗೊತ್ತು ಮಾಡಿದ್ದ ಬ್ರೋಕರನ ಮಾತು ಮಾತ್ರ ಕಿವಿಗೆ ಇಂಪಾಗಿತ್ತು. "ಆ ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿ ಅಕ್ಕ," ಎಂದ. "ಕೇಳಿದ್ರೆ, ಕಟ್ಟಿದಾಗಿಂದ ಹೀಗೇ ಇದೆ ಅನ್ನಿ. ಕೇಳದಿದ್ರೆ ಬಾಯೇ ಬಿಡಬೇಡಿ." ಎರಡೇ ದಿನದಲ್ಲಿ ಪುಟ್ಟಿ ಮೆತ್ತಿದ್ದಾಯಿತು, ಬಣ್ಣ ಬಳಿದದ್ದಾಯಿತು. ತಾರಸಿ ಹೊಸ ಅಂಗಿ ತೊಟ್ಟ ಹಾಗೆ ಬೆಳ್ಳಗಾಯಿತು.

ಅದರ ಮಾರನೆಯ ವಾರ ನರ್ಸೊಬ್ಬಳು ಮನೆ ನೋಡಲು ಬಂದಳು. ಜೊತೆಗೆ ಅವಳ ತಾಯಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರೂ ಹಾಲ್ ನೋಡಿ ನರ್ಸಿನ ಮುಖ ಅರಳಿತು.

"ಎಷ್ಟು ದೊಡ್ಡದಿದೆ! ಅಮ್ಮಾ, ನಿನ್ನ ಮಂಚ ಇಲ್ಲಿ. ಮಕ್ಕಳ ಹಾಸಿಗೆ ಪಕ್ಕದಲ್ಲೇ," ಎಂದಳು. ಆಮೇಲೆ ಟೈಲರಕ್ಕನ ಕಡೆ ತಿರುಗಿ, "ಆಂಟಿ, ಬಂದ ತಕ್ಷಣ ಮೇಲೆ ಒಂದು ದೊಡ್ಡ ನೀರಿನ ಟ್ಯಾಂಕ್ ಕೂರಿಸ್ತೀವಿ. ಇಲ್ಲೇ ಮೇಲೆ, ಸರಿಯಾಗಿ ನಡುವಿಗೆ," ಎಂದು ಬೆರಳು ತೋರಿಸಿದಳು.

ಬೆರಳು ನೆಟ್ಟಿದ್ದು ಹೊಸ ಬಣ್ಣದ ಮೇಲೆ. ಅಷ್ಟರಲ್ಲಿ ಮಕ್ಕಳಿಬ್ಬರೂ "ಇದು ನನ್ನ ಜಾಗ, ಅದು ನಿನ್ನ ಜಾಗ" ಎನ್ನುತ್ತಾ ಅಲ್ಲೇ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು.

ಟೈಲರಕ್ಕ ಒಮ್ಮೆ ಮೇಲೆ ನೋಡಿದಳು, ಒಮ್ಮೆ ಕೆಳಗೆ ನೋಡಿದಳು. ತುಂಬಿದ ಟ್ಯಾಂಕ್ ಮೇಲೆ, ಈ ಕೂಸುಗಳು ಕೆಳಗೆ. ನಡುವೆ ಒಂದು ಬೆರಳು ಪುಟ್ಟಿ! ಬ್ರೋಕರು ಬಾಗಿಲಲ್ಲಿ ನಿಂತು, ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳುತ್ತಿದ್ದ. ಆ ಕಣ್ಣು ನೋಡಿ ಅವಳಿಗೆ ಮೈ ಉರಿಯಿತು.

"ಏಳ್ರೇ ಪುಟ್ಟಾ, ಏಳಿ ಅಲ್ಲಿಂದ. ಸಿಸ್ಟರ್, ಒಂದು ಮಾತು. ಇಲ್ಲೊಂದು ಗೋಡೆ ಇತ್ತು."

ಬ್ರೋಕರು ಜೋರಾಗಿ ಕೆಮ್ಮಿದ.

"ನೀವು ನೀರು ಕುಡ್ಕೊಂಡು ಬನ್ನಿ," ಎಂದು ಅವನಿಗೆ ಹೇಳಿ, ಟೈಲರಕ್ಕ ನರ್ಸಿಗೆ ಎಲ್ಲವನ್ನೂ ಕಡ್ಡಿ ಮುರಿದ ಹಾಗೆ ಹೇಳಿದಳು. ಅನುಮತಿ ಇಲ್ಲದೆ ಗೋಡೆ ಒಡೆದದ್ದು, ಬಿರುಕಿಗೆ ಬಣ್ಣ ಹೊಡೆಸಿದ್ದು, ಟ್ರಯಲ್ ರೂಮ್ ನಕ್ಷೆಯಲ್ಲೇ ಇಲ್ಲದ್ದು. ನರ್ಸು ಒಂದು ಸಲ ಮೇಲೆ ನೋಡಿದಳು. ಮಕ್ಕಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಾಯಿಯನ್ನು ಮುಂದೆ ಬಿಟ್ಟುಕೊಂಡು ಇಳಿದು ಹೋದಳು.

"ನಿಮಗೆ ತಲೆ ಗಿಲೆ ಕೆಟ್ಟಿದ್ಯಾ?" ಎಂದು ಬ್ರೋಕರು ಕೂಗಾಡಿದ. "ಊರಲ್ಲಿ ಎಲ್ಲರೂ ಹೀಗೇ ಮಾರೋದು. ನೀವೊಬ್ಬರೇ ದೊಡ್ಡ ಸತ್ಯವಂತರು! ಇನ್ನು ಈ ಮನೆ ಯಾರು ತಗೊಳ್ತಾರೆ ನಾನೂ ನೋಡ್ತೀನಿ."

"ನೋಡಿ, ಕಣ್ತುಂಬ ನೋಡಿ. ಎಲ್ಲರೂ ಹಾಗೆ ಮಾರಲಿ, ನಾನು ಮಾರಲ್ಲ. ಇನ್ನೊಬ್ಬರ ಮಕ್ಕಳ ತಲೆ ಮೇಲೆ ತಾರಸಿ ಬೀಳಿಸಿ ನಮ್ಮೋರ ಕಾಲು ಉಳಿಸ್ಕೊಳ್ಳೋ ಗತಿ ನನಗೆ ಬಂದಿಲ್ಲ. ಇಳೀರಿ ಕೆಳಗೆ!"

ಅವನು ಇಳಿದ ಮೇಲೆ ಅವಳ ಧೈರ್ಯವೂ ಇಳಿಯಿತು. ಮೂಲೆಯಲ್ಲಿ ಕೂತಿದ್ದ ಮಾಸ್ಟರು, "ಪೇಟೆ ಮನೆ ಹೋಯ್ತು ಕಣೇ," ಎಂದ. ಅವಳು ಮೇಜಿಗೆ ಹಣೆ ಆನಿಸಿ ಅತ್ತಳು. ಮಾಸ್ಟರು ಮೊಣಕಾಲು ಉಜ್ಜಿಕೊಳ್ಳುತ್ತಾ ಮೆಲ್ಲಗೆ ಹೇಳಿದ: "ಅಳಬೇಡ. ನೀನು ಹೇಳಿದ್ದು ಸರಿ. ಗೆರೆ ಎಳೆದೋನು ನಾನೇ ಅಲ್ವಾ? ಹೋಗು, ಅಕ್ಕನ್ನ ಕರ್ಕೊಂಡು ಬಾ."

ನಕ್ಷೆಯಕ್ಕ ಬಂದಳು. ನಾನು ಅವತ್ತೇ ಹೇಳಲಿಲ್ಲವಾ ಎನ್ನಲಿಲ್ಲ, ಅದು ಅವಳ ದೊಡ್ಡತನ. ಮಾರನೆಯ ದಿನವೇ ಪರಿಚಯದ ಎಂಜಿನಿಯರನ್ನು ಕಳಿಸಿದಳು. ಆತ ಪುಟ್ಟಿ ಕೆರೆದು, ದಾರ ಕಟ್ಟಿ ನೋಡಿದ. ತಾರಸಿ ನಡುವೆ ಬೆರಳಿನಷ್ಟು ಬಾಗಿತ್ತು. "ಇದರ ಮೇಲೆ ಟ್ಯಾಂಕ್ ಕೂತಿದ್ರೆ ನಾನಂತೂ ಈ ಕೋಣೇಲಿ ಮಲಗ್ತಿರಲಿಲ್ಲ," ಎಂದ. ಅವತ್ತೇ ತಾರಸಿಗೆ ಕೆಳಗಿನಿಂದ ಕಂಬ ಕೊಟ್ಟು ಆನಿಸಿದರು.

ಅನುಮತಿ ಕೊಡುವ ಕಚೇರಿಯಲ್ಲಿ ಗುಮಾಸ್ತ, "ನಾಳೆ ಬನ್ನಿ," ಎಂದ. ಟೈಲರಕ್ಕ ಮಾರನೆಯ ದಿನ ಮತ್ತೆ ಹೋದಳು. "ಆ ಕಾಗದ ಇಲ್ಲ, ಇನ್ನೊಂದು ದಿನ ಬನ್ನಿ," ಎಂದ. ಅವತ್ತು ಅವಳು ಗುಂಡಿ ಹೊಲಿಯಬೇಕಿದ್ದ ಎಂಟು ಅಂಗಿ ಜೊತೆಗೇ ತಂದಿದ್ದಳು. ಎದುರಿನ ಬೆಂಚಿನ ಮೇಲೆ ಕೂತು ಸೂಜಿ ಪೋಣಿಸಿದಳು.

"ತಪ್ಪು ನನ್ನದು ಅಂತ ನಾನೇ ಒಪ್ಕೊಂಡು ಬಂದಿದ್ದೀನಿ ಸಾರ್. ಅದನ್ನ ಸರಿ ಮಾಡ್ಕೊಳ್ಳೋಕೆ ಯಾವ್ಯಾವ ಕಾಗದ ಬೇಕು, ಎಲ್ಲಾ ಒಂದೇ ಸಲ ಬರ್ಕೊಡಿ. ಬರ್ಕೊಡೋವರೆಗೂ ನಾನು ಇಲ್ಲೇ ಕೂತಿರ್ತೀನಿ, ನನಗೆ ಕೆಲಸ ಇದೆ."

ನಾಲ್ಕನೆಯ ಅಂಗಿಯ ಹೊತ್ತಿಗೆ ಪಟ್ಟಿ ಕೈಗೆ ಬಂತು.

ಸುಲಭವಾಗಿ ಏನೂ ಮುಗಿಯಲಿಲ್ಲ. ಗೋಡೆ ಇದ್ದ ಕಡೆ ಕಬ್ಬಿಣದ ತೊಲೆ ಹಾಕಿ, ಎಂಜಿನಿಯರು ಬರೆದುಕೊಟ್ಟ ಮೇಲೆ ಕಚೇರಿಯವರು ಬಂದು ನೋಡಿ, ದಂಡ ಕಟ್ಟಿಸಿಕೊಂಡು, ಹೊಸ ನಕ್ಷೆಗೆ ಮೊಹರು ಹಾಕಿದರು. ಟ್ರಯಲ್ ರೂಮ್ ಮಾತ್ರ ಉಳಿಯಲಿಲ್ಲ. ಗಾಳಿಗೆ, ಬೆಂಕಿ ಅನಾಹುತದ ಹೊತ್ತಿಗೆ ಎಂದು ಬಿಡಬೇಕಾದ ಜಾಗ ಅದು, ಅದನ್ನು ಸಕ್ರಮ ಮಾಡಲು ಬರುವುದಿಲ್ಲ ಎಂದರು. ಟೈಲರಕ್ಕ ಬೈದುಕೊಳ್ಳುತ್ತಲೇ ಒಡೆಸಿದಳು. ಇಷ್ಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ಪೇಟೆ ಬೀದಿಯ ಆ ಮನೆ ಬೇರೆಯವರ ಪಾಲಾಯಿತು. ಅದಕ್ಕೆ ಅವಳು ಇವತ್ತಿಗೂ ಹೊಟ್ಟೆ ಉರಿದುಕೊಳ್ಳುತ್ತಾಳೆ, ಸುಳ್ಳು ಯಾಕೆ?

ಆದರೆ ಕಾಗದ ಕೈಗೆ ಬಂದ ವಾರವೇ ನಕ್ಷೆಯಕ್ಕ ಆಸ್ಪತ್ರೆಗೆ ಹೋಗಿ ನರ್ಸಿಗೆ ಸುದ್ದಿ ಮುಟ್ಟಿಸಿದಳು. ನರ್ಸು ತನ್ನದೇ ಎಂಜಿನಿಯರನ್ನು ಕರೆದುಕೊಂಡು ಬಂದಳು. ತೊಲೆ ನೋಡಿಸಿದಳು, ಮೊಹರು ನೋಡಿದಳು, ಒಂದೊಂದು ಹಾಳೆಯನ್ನೂ ಓದಿದಳು.

"ಬೇಜಾರು ಮಾಡ್ಕೋಬೇಡಿ ಆಂಟಿ. ನಿಮ್ಮ ಮಾತು ನಂಬಿ ತಗೊಳ್ತಿಲ್ಲ, ಕಾಗದ ನೋಡಿ ತಗೊಳ್ತಿದ್ದೀನಿ," ಎಂದಳು.

"ಬೇಜಾರ್ಯಾಕೆ ತಾಯಿ? ಮಕ್ಕಳು ಮಲಗೋ ಜಾಗ. ನನ್ನನ್ನೂ ನಂಬಬೇಡ, ಯಾರನ್ನೂ ನಂಬಬೇಡ. ಹೀಗೇ ಇರು," ಎಂದಳು ಟೈಲರಕ್ಕ.

ಮನೆ ಮಾರಾಟವಾಯಿತು. ಮಾರಿದ ಮನೆಗಿಂತ ಒಂದು ಕೋಣೆ ಕಡಿಮೆ ಇರುವ, ಆದರೆ ನೆಲಮಟ್ಟದಲ್ಲೇ ಇರುವ ಮನೆಯೊಂದು ಇವರಿಗೂ ಸಿಕ್ಕಿತು. ಕೊಳ್ಳುವ ಮೊದಲು ಮಾಸ್ಟರೇ ಹೆಂಡತಿಯ ಹೆಗಲು ಹಿಡಿದು ಮೆಟ್ಟಿಲು ಇಳಿದು ಹೋಗಿ, ನಕ್ಷೆ ಕೇಳಿ ಪಡೆದು, ಟೇಪು ಹಿಡಿದು ಪ್ರತಿ ಗೋಡೆಯನ್ನೂ ಅಳೆದು ತಾಳೆ ನೋಡಿದ. ಈಗ ಅವನು ದಿನಾ ಸಂಜೆ ಬೀದಿ ಕೊನೆಯವರೆಗೆ ನಡೆದು ಬರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರ ಪೈಕಿ ಎಷ್ಟು ಜನರ ಮನೆಯಲ್ಲಿ ಕೇಳದೆ ಒಡೆದ ಗೋಡೆ ಇದೆ, ಕೇಳದೆ ಎಬ್ಬಿಸಿದ ಕೋಣೆ ಇದೆ? ಇದ್ದರೆ ಇವತ್ತೇ ಎಂಜಿನಿಯರಿಗೆ ತೋರಿಸಿ. ನಿಮ್ಮ ಊರಿನ ಕಚೇರಿಯಲ್ಲಿ ಏನು ಸಕ್ರಮ ಆಗುತ್ತದೆ, ಏನು ಆಗುವುದಿಲ್ಲ ಎಂದು ಕೇಳಿ, ಊರಿಂದೂರಿಗೆ ನಿಯಮ ಬೇರೆ ಇರುತ್ತದೆ. ನಾಳೆ ಬನ್ನಿ ಎಂದರೆ ಹೋಗಿ, ಮತ್ತೆ ಹೋಗಿ, ಬೆಂಚು ಬಿಟ್ಟು ಏಳಬೇಡಿ. ಮನೆ ಮಾರುವಾಗ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡಿ. ಕೊಳ್ಳುವಾಗ ನಕ್ಷೆ ಕೇಳಿ, ಕೇಳಲು ನಾಚಬೇಡಿ. ಬಣ್ಣ ಹೊಡೆದು ಮುಚ್ಚಿ ಎಂದು ಯಾರಾದರೂ ಹೇಳಿದರೆ, ಅವರನ್ನು ಒಂದೇ ಒಂದು ಮಾತು ಕೇಳಿ: ಈ ತಾರಸಿಯ ಕೆಳಗೆ ನಿಮ್ಮ ಮಕ್ಕಳನ್ನು ಮಲಗಿಸುತ್ತೀರಾ?