ಹುಡುಗಿಯನ್ನು ವಿಚಾರಿಸಲು ಬಂದವನು

ಗಂಡಿನ ಕಡೆಯವರು ಹೆಣ್ಣಿನ ಗುಣ ವಿಚಾರಿಸಲು ಬಂದರೆ, ನಾವು ಗಂಡಿನ ಕಡೆಯವರು ಅಂತ ಹೇಳಿಕೊಂಡು ಬರುವುದುಂಟೇ? ಹೊನ್ನವಳ್ಳಿಯಲ್ಲಂತೂ ಇಲ್ಲ. ದಾರಿಹೋಕರಂತೆ ಬಂದು ನೀರು ಕೇಳುತ್ತಾರೆ, ಕಣ್ಣು ಮಾತ್ರ ಮನೆಯೆಲ್ಲ ಓಡಾಡುತ್ತಿರುತ್ತದೆ. ಹಾಗಾಗಿ ಬೈಕಿನಿಂದಿಳಿದ ಅಪರಿಚಿತನೊಬ್ಬ ನೀರು ಕುಡಿದು, "ಜೀವಿತಾ ನಿಮ್ ಮೊಮ್ಮಗಳಾ ಅಜ್ಜಿ? ಹುಡುಗಿ ಹೆಂಗೆ?" ಎಂದಾಗ, ಅಂಗಳದಲ್ಲಿ ಕೊಬ್ಬರಿ ಆರಿಸುತ್ತಿದ್ದ ದ್ರಾಕ್ಷಾಯಣಮ್ಮನ ಎದೆ ಹಿಗ್ಗಿತು. ಅಂತೂ ದೇವರು ಕಣ್ಣು ಬಿಟ್ಟ!

ಹಿಗ್ಗದೆ ಏನು? ತಿಪಟೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಮೊಮ್ಮಗಳು ನೌಕಾಪಡೆಯ ಆಫೀಸರ್ ಆಗಿ ಆಯ್ಕೆಯಾಗಿದ್ದಳು. ಬರೀ ಹಡಗು ಹತ್ತುವುದಲ್ಲ, ಮುಂದೆ ಗುಪ್ತಚರ ವಿಭಾಗಕ್ಕೇ ಸೇರುತ್ತೇನೆ, ಯಾವ ಹಡಗು ಎಲ್ಲಿಂದ ಬಂತು, ಯಾಕೆ ಬಂತು ಅಂತ ಪತ್ತೆ ಮಾಡುತ್ತೇನೆ ಎನ್ನುತ್ತಿದ್ದಳು. ಹದಿನೈದು ದಿನದಿಂದ ಅಜ್ಜಿಯ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ತೆಂಗಿನ ತೋಟದ ಹೆಣ್ಣಿಗೆ ಸಮುದ್ರದ ಉಸಾಬರಿ ಯಾಕೆ? ಒಳ್ಳೆ ಗಂಡು ಸಿಕ್ಕಿದರೆ ಈ ಹುಚ್ಚು ಬಿಟ್ಟೀತು ಎಂದು ಆಕೆ ಶಿವನಿಗೆ ದಿನಾ ಮೊರೆಯಿಡುತ್ತಿದ್ದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರಲ್ಲ. ದ್ರಾಕ್ಷಾಯಣಮ್ಮ ಶುರು ಹಚ್ಚಿಕೊಂಡಳು.

"ಬಂಗಾರದಂಥ ಹುಡುಗಿ ಕಣಪ್ಪ. ತಲೆ ಎತ್ತಿ ಮಾತಾಡಲ್ಲ. ಒಬ್ಳೇ ಬಸ್ ಸ್ಟ್ಯಾಂಡಿಗೂ ಹೋಗಲ್ಲ. ನೀರಂದ್ರಂತೂ ಭಾರೀ ಭಯ, ಕೆರೆ ಏರಿ ಮೇಲೂ ಕಾಲಿಡಲ್ಲ."

ಪಕ್ಕದ ಮನೆಯ ಗಂಗಕ್ಕ ಕಾಂಪೌಂಡಿನ ಮೇಲಿಂದ ತಲೆ ತೂರಿಸಿ, "ಸೀರೆ ಬಿಟ್ಟು ಬೇರೆ ಉಟ್ಟೋಳೇ ಅಲ್ಲ ಬುಡಿ!" ಎಂದು ತನ್ನದೂ ಒಂದು ಸೇರಿಸಿದಳು. ಅವಳ ಎದುರಿಗೇ ತಂತಿಯ ಮೇಲೆ ಜೀವಿತಾಳ ಎರಡು ಜೀನ್ಸ್ ಪ್ಯಾಂಟು ಒಣಗುತ್ತಿದ್ದವು.

ಬಂದವನು ಹುಬ್ಬು ಗಂಟಿಕ್ಕಿಕೊಂಡು ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡ. "ನೀರಂದ್ರೆ ಭಯ ಅಂತೀರಿ, ಮತ್ತೆ ನೇವಿಗೆ ಹೆಂಗೆ ಹೋಗ್ತಾರೆ? ನಾನು ಪೊಲೀಸ್ ಅಜ್ಜಿ, ರವೀಂದ್ರ ಅಂತ. ಕೆಲ್ಸಕ್ಕೆ ಸೇರಿಸ್ಕೊಳೋ ಮುಂಚೆ ನಡತೆ ವಿಚಾರಿಸಿ ವರದಿ ಕೊಡ್ಬೇಕು. ನೀವು ಹೇಳಿದ್ದೆಲ್ಲ ಅದ್ರಲ್ಲಿ ಹೋಗುತ್ತೆ."

ಗಂಗಕ್ಕನ ತಲೆ ಗೋಡೆಯ ಹಿಂದೆ ಮಾಯವಾಯಿತು.

ದ್ರಾಕ್ಷಾಯಣಮ್ಮನ ಕೈ ಕೊಬ್ಬರಿಯ ಮೇಲೇ ನಿಂತಿತು. ಬೇಡಿದ್ದು ತಾನಾಗಿ ಬಾಗಿಲಿಗೆ ಬಂದಿದೆ. ಸುಮ್ಮನಿದ್ದರೆ ಸಾಕು, ಹಾಳೆ ಹೋಗುತ್ತದೆ, ಹುಡುಗಿ ಉಳಿಯುತ್ತಾಳೆ. ಯಾರೂ ತನ್ನನ್ನು ಬೈಯುವಂತಿಲ್ಲ. ವಯಸ್ಸಾದ ಮುದುಕಿ, ಏನೋ ಒದರಿದಳು ಅಂದುಕೊಳ್ಳುತ್ತಾರೆ.

ಆದರೆ ಸುಮ್ಮನಿರಲು ಆಗಲಿಲ್ಲ. ಹೋದ ವರ್ಷ ತೋಟದಲ್ಲಿ ಕಾಯಿ ಕಳುವಾದಾಗ, ಆಳು ಮಾಯಣ್ಣನೇ ಕಳ್ಳ ಎಂದು ಆಕೆ ಬೀದಿಯಲ್ಲಿ ನಿಂತು ಕೂಗಲು ಹೊರಟಿದ್ದಳು. ಜೀವಿತಾ ಸೆರಗು ಹಿಡಿದು ನಿಲ್ಲಿಸಿ, "ಗೊತ್ತಿಲ್ದೆ ಒಬ್ರ ಹೆಸ್ರು ಕೆಡಿಸ್ಬಾರ್ದು ಅಜ್ಜಿ" ಎಂದಿದ್ದಳು. ಎಂಟು ದಿನ ಯಾರಿಗೂ ಬಾಯಿ ಬಿಡದೆ ಕಾದು, ಗಾಡಿಯ ಚಕ್ರದ ಗುರುತು ಹಿಡಿದುಹೋಗಿ, ನಿಜವಾದ ಕಳ್ಳನನ್ನು ಮಾಲಿನ ಸಮೇತ ಹಿಡಿಸಿದ್ದಳು. ಅಂಥವಳ ಹೆಸರನ್ನು ಈಗ ನಾನೇ ಕೆಡಿಸುತ್ತಿದ್ದೇನಲ್ಲಾ! ಥೂ, ನನ್ನ ನಾಲಗೆಗಿಷ್ಟು ಎನಿಸಿತು ದ್ರಾಕ್ಷಾಯಣಮ್ಮನಿಗೆ.

"ತಡಿಯಪ್ಪ, ಅದಷ್ಟೂ ಸುಳ್ಳು! ನೀನು ಗಂಡಿನ್ ಕಡೆಯೋನು ಅಂದ್ಕಂಡೆ."

ರವೀಂದ್ರನಿಗೆ ನಗು ತಡೆಯಲಾಗಲಿಲ್ಲ. ಕಾಯಿ ಕಳುವಿನ ಕಥೆ, ದೆಹಲಿಯವರೆಗೂ ಒಬ್ಬಳೇ ರೈಲಿನಲ್ಲಿ ಹೋಗಿಬಂದದ್ದು, ಹತ್ತನೇ ವಯಸ್ಸಿಗೇ ಕೆರೆಯಲ್ಲಿ ಈಜು ಕಲಿತದ್ದು, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಯ ಕಣ್ಣು ತುಂಬಿತ್ತು. ರವೀಂದ್ರ ಹಳೆಯ ಹಾಳೆ ಹರಿದು ಹೊಸದು ತೆಗೆದ.

"ಹಂಗಾದ್ರೆ ನೀರಿನ್ ಭಯ ಅಂದಿದ್ದು?"

"ಭಯ ಇರೋದು ನಂಗೆ ಕಣಪ್ಪ" ಎಂದಳು ದ್ರಾಕ್ಷಾಯಣಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ನನ್ ಭಯಾನ ಅವಳ ಹೆಸರಲ್ಲಿ ಬರೀಬ್ಯಾಡ."